ಅಡಿಬರಹದ ಉದ್ದಿಮೆ: ಕಾಯಿದೆ ಬಂದಿದೆ, ಮಾರುಕಟ್ಟೆ ಬಂದಿಲ್ಲ

ದೂರದರ್ಶನ ವಾಹಿನಿಯೊಂದರ ಲೆಕ್ಕಪತ್ರವನ್ನು ತೆರೆದರೆ ಉಪಗ್ರಹದ ಬಾಡಿಗೆ, ಕಲಾವಿದರ ಸಂಭಾವನೆ, ಕೇಬಲ್ ಜಾಲಕ್ಕೆ ಸಲ್ಲುವ ಶುಲ್ಕ, ಜಾಹೀರಾತು ಏಜೆನ್ಸಿಗಳ ಕಮಿಷನ್ ಮುಂತಾದ ಬಾಬುಗಳು ಎದ್ದು ಕಾಣುತ್ತವೆ. ಕಾರ್ಯಕ್ರಮದ ಮಾತನ್ನು ಅಕ್ಷರಕ್ಕೆ ಇಳಿಸಿ ಕಿವಿ ಕೇಳದ ವೀಕ್ಷಕನಿಗೆ ತಲುಪಿಸುವ ಬಾಬು ಮಾತ್ರ ಭಾರತದ ವಾಹಿನಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ ಇದೇ ಬಾಬು ಒಂದು ಪೂರ್ಣಪ್ರಮಾಣದ ಉದ್ದಿಮೆಯನ್ನು ಸಾಕುತ್ತಿದೆ. ಅಲ್ಲಿ ಉಪಕರಣ ತಯಾರಿಸುವ ಕಂಪನಿಗಳಿವೆ, ಸೇವೆ ಒದಗಿಸುವ ಕಂಪನಿಗಳಿವೆ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯೂ ಇದೆ. ತಂತ್ರಾಂಶದ ರಾಜಧಾನಿ ಎನಿಸಿಕೊಂಡ ನಗರವಿರುವ ಕರ್ನಾಟಕದಲ್ಲಿ ಈ ಉದ್ದಿಮೆ ಏಕೆ ಬೇರುಬಿಟ್ಟಿಲ್ಲವೆಂಬುದು ವಾಣಿಜ್ಯ ವಲಯ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲು ವಿಷಯ ಸ್ಪಷ್ಟವಾಗಲಿ. ಪರಭಾಷಾ ಚಲನಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ಅಚ್ಚೊತ್ತಿದ ಸಾಲುಗಳು ತೆರೆದ ಅಡಿಬರಹ. ಸಂಕೇತದೊಳಗೆ ಅಡಗಿದ್ದು, ಬೇಕೆಂದವರು ರಿಮೋಟಿನ ಗುಂಡಿ ಒತ್ತಿದಾಗ ಮಾತ್ರ ಪರದೆಯ ಮೇಲೆ ಮೂಡುವುದು ಕ್ಲೋಸ್ಡ್ ಕ್ಯಾಪ್ಷನ್. ಇದು ಬರಿಯ ಸಂಭಾಷಣೆಯ ಪ್ರತಿಯಲ್ಲ. ಮಾತನಾಡುತ್ತಿರುವವರು ಯಾರು, ಹಿನ್ನೆಲೆಯಲ್ಲಿ ಗುಡುಗಿತೇ, ಬಾಗಿಲು ಬಡಿದ ಸದ್ದಾಯಿತೇ, ದೂರವಾಣಿಯ ಗಂಟೆ ಬಾರಿಸಿತೇ ಎಂಬುದನ್ನೂ ಅದು ಹೇಳಬೇಕು. 2011ರ ಜನಗಣತಿಯು ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಸುಮಾರು 50.7 ಲಕ್ಷ ಮಂದಿ ಶ್ರವಣದೋಷವುಳ್ಳವರು. ವಯಸ್ಸಾದಂತೆ ಕಿವಿ ಮಂದವಾಗಿ, ಟಿ.ವಿ.ಯ ಧ್ವನಿಯನ್ನು ಏರಿಸುತ್ತಾ ಹೋಗಿ ಮನೆಮಂದಿಯ ಮುನಿಸಿಗೆ ಗುರಿಯಾಗುವ ಹಿರಿಯರು ಬಹುಮಟ್ಟಿಗೆ ಈ ಲೆಕ್ಕದ ಹೊರಗೇ ಉಳಿದಿರುತ್ತಾರೆ.

ಇಷ್ಟು ಜನರಿದ್ದರೆ ಮಾರುಕಟ್ಟೆ ತಾನೇ ಹುಟ್ಟಬೇಕಲ್ಲವೇ? ಹುಟ್ಟುವುದಿಲ್ಲ ಎಂಬುದಕ್ಕೆ ಈ ಉದ್ದಿಮೆಯ ತಾಯಿಸಂಸ್ಥೆಯೇ ಸಾಕ್ಷಿ.

ಪೆಟ್ಟಿಗೆ ಮಾರಿದ ಸಂಸ್ಥೆಯ ಕಥೆ

ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1970ರ ಸುಮಾರಿನಲ್ಲಿ ದೂರದರ್ಶನದ ಸಂಕೇತದ ಮೂಲಕ ದೇಶಕ್ಕೆಲ್ಲ ನಿಖರವಾದ ಸಮಯವನ್ನು ತಲುಪಿಸಲು ಯತ್ನಿಸಿತು. ಎಬಿಸಿ ವಾಹಿನಿಯ ಜೊತೆ ನಡೆಸಿದ ಆ ಪ್ರಯೋಗ ಫಲಿಸಲಿಲ್ಲ. ಆದರೆ ಸಮಯವನ್ನು ಕಳುಹಿಸಬಹುದಾದ ದಾರಿಯಲ್ಲಿ ಅಕ್ಷರಗಳನ್ನೂ ಕಳುಹಿಸಬಹುದೆಂಬ ಹೊಳಹು ಅಲ್ಲಿಂದ ಬಂತು. 1971ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಸೇರಿದ ಸಮ್ಮೇಳನದಲ್ಲಿ ಇದರ ಚರ್ಚೆ ನಡೆಯಿತು. 1972ರ ಫೆಬ್ರುವರಿಯಲ್ಲಿ ಕಿವುಡರ ಉನ್ನತ ಶಿಕ್ಷಣಕ್ಕೆ ಹೆಸರಾದ ಗ್ಯಾಲಡೆಟ್ ಕಾಲೇಜಿನಲ್ಲಿ ಪ್ರದರ್ಶನ ನಡೆಯಿತು. ಅದೇ ವರ್ಷ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಕೇಂದ್ರ 'ದಿ ಫ್ರೆಂಚ್ ಶೆಫ್' ಎಂಬ ಅಡುಗೆ ಕಾರ್ಯಕ್ರಮವನ್ನು ತೆರೆದ ಅಡಿಬರಹದೊಡನೆ ಬಿತ್ತರಿಸಿತು. ಪರದೆಯಲ್ಲಿ ಕಾಣದ 21ನೆಯ ಗೆರೆಯನ್ನು ಅಡಿಬರಹಕ್ಕೆಂದೇ ಮೀಸಲಿಡಲು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 1976ರಲ್ಲಿ ಒಪ್ಪಿತು.

1979ರಲ್ಲಿ ಸರ್ಕಾರದ ಬೀಜಧನದೊಂದಿಗೆ ಲಾಭದ ಉದ್ದೇಶವಿಲ್ಲದ ನ್ಯಾಷನಲ್ ಕ್ಯಾಪ್ಷನಿಂಗ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಅದರ ವ್ಯಾಪಾರದ ಯೋಜನೆ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ವಾಹಿನಿಗಳು ಅಡಿಬರಹ ಸಿದ್ಧಪಡಿಸಿದ್ದಕ್ಕೆ ಶುಲ್ಕ ಕೊಡಬೇಕು; ವೀಕ್ಷಕರು ಸಂಕೇತವನ್ನು ಬಿಡಿಸಿ ತೋರಿಸುವ ಡಿಕೋಡರ್ ಪೆಟ್ಟಿಗೆಯನ್ನು ಕೊಳ್ಳಬೇಕು. ಪೆಟ್ಟಿಗೆಯ ಚಿಪ್ಪನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ರೂಪಿಸಿತು. 1985ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿನ ಚಿಪ್ ವಿನ್ಯಾಸದ ಉದ್ದಿಮೆಗೆ ಬಾಗಿಲು ತೆರೆದದ್ದೂ ಇದೇ ಕಂಪನಿ. ಸಿಯರ್ಸ್ ಅಂಗಡಿಗಳ ಮೂಲಕ ಪೆಟ್ಟಿಗೆಯ ಮಾರಾಟ ಏರ್ಪಾಡಾಯಿತು. ಬೆಲೆ ಸುಮಾರು 250 ಡಾಲರ್. 1980ರ ಮಾರ್ಚ್ 16ರಂದು ಎಬಿಸಿ, ಎನ್‌ಬಿಸಿ ಮತ್ತು ಪಿಬಿಎಸ್ ವಾಹಿನಿಗಳಲ್ಲಿ ಮೊದಲ ಬಾರಿಗೆ ಕ್ಲೋಸ್ಡ್ ಕ್ಯಾಪ್ಷನ್ ಸಹಿತ ನಿಯತ ಪ್ರಸಾರ ಆರಂಭವಾಯಿತು. ಸಿಬಿಎಸ್ ಹೊರಗುಳಿಯಿತು; ತನ್ನದೇ ಟೆಲಿಟೆಕ್ಸ್ಟ್ ಪದ್ಧತಿಯ ಮೇಲೆ ಅದಕ್ಕೆ ಒಲವು. ಕಿವುಡರ ಸಂಘಟನೆಗಳು ಪ್ರತಿಭಟಿಸಿದ ನಂತರ, 1984ರಲ್ಲಿ ಅದೂ ಒಪ್ಪಿಕೊಂಡಿತು.

ಅನಂತರ ನಡೆದದ್ದು ಲೆಕ್ಕ ಬಲ್ಲವರು ಎಚ್ಚರದಿಂದ ಓದಬೇಕಾದ ಭಾಗ. ಪೆಟ್ಟಿಗೆಗಳು ನಿರೀಕ್ಷಿಸಿದಂತೆ ಮಾರಾಟವಾಗಲಿಲ್ಲ. ಒಂದು ದಶಕ ಕಳೆದರೂ ಮಾರಾಟದ ಒಟ್ಟು ಸಂಖ್ಯೆ ನಾಲ್ಕು ಲಕ್ಷವನ್ನು ಮುಟ್ಟಲಿಲ್ಲ. ಇದರ ಪಕ್ಕದಲ್ಲಿಡಬೇಕಾದ ಅಂಕಿಯೆಂದರೆ, ಅಮೆರಿಕದ ಸಂಸತ್ತು 1990ರ ಕಾಯಿದೆಯ ಪೀಠಿಕೆಯಲ್ಲಿ ಅಡಿಬರಹದಿಂದ ಪ್ರಯೋಜನ ಪಡೆಯಬಲ್ಲವರೆಂದು ಗುರುತಿಸಿದ 2.4 ಕೋಟಿ ಜನ. ಪೆಟ್ಟಿಗೆಗಳು ಕಡಿಮೆ ಇದ್ದುದರಿಂದ ಜಾಹೀರಾತುದಾರನಿಗೆ ಆಸಕ್ತಿ ಇರಲಿಲ್ಲ. ಜಾಹೀರಾತುದಾರನಿಗೆ ಆಸಕ್ತಿ ಇಲ್ಲದ್ದರಿಂದ ವಾಹಿನಿಗಳು ಹೆಚ್ಚು ಕಾರ್ಯಕ್ರಮಗಳಿಗೆ ಅಡಿಬರಹ ಕೊಡಲಿಲ್ಲ. ಅಡಿಬರಹವಿರುವ ಕಾರ್ಯಕ್ರಮಗಳು ಕಡಿಮೆ ಇದ್ದುದರಿಂದ ಜನ ಪೆಟ್ಟಿಗೆ ಕೊಳ್ಳಲಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಪಾರೀ ನಿದರ್ಶನ ಸಿಗಲಾರದು. ಸೋತದ್ದು ತಂತ್ರಜ್ಞಾನವಲ್ಲ. 1982ರ ವೇಳೆಗೆ ನೇರ ಪ್ರಸಾರದ ಸಮಾರಂಭಕ್ಕೂ ಸುದ್ದಿಗೂ ತತ್‌ಕ್ಷಣದ ಅಡಿಬರಹ ಕೊಡುವ ಮಟ್ಟಕ್ಕೆ ಸಂಸ್ಥೆ ಬೆಳೆದಿತ್ತು. ಕೆಲಸ ಚೆನ್ನಾಗಿತ್ತು, ಗಿರಾಕಿಯೂ ಇದ್ದ; ಅವರಿಬ್ಬರ ನಡುವೆ 250 ಡಾಲರಿನ ಗೋಡೆಯೊಂದಿತ್ತು.

ಆ ಗೋಡೆಯನ್ನು ಕೆಡವಿದ್ದು ಬೆಲೆ ಕಡಿತವಲ್ಲ, ಕಾಯಿದೆ. 1990ರ ಟೆಲಿವಿಷನ್ ಡಿಕೋಡರ್ ಸರ್ಕ್ಯೂಟ್ರಿ ಆಕ್ಟ್ ಪ್ರಕಾರ, 1993ರ ಜುಲೈ 1ರ ನಂತರ ಅಮೆರಿಕದಲ್ಲಿ ಮಾರಾಟಕ್ಕೆಂದು ತಯಾರಾಗುವ 13 ಅಂಗುಲ ಮತ್ತು ಅದಕ್ಕಿಂತ ದೊಡ್ಡ ಪರದೆಯ ಪ್ರತಿಯೊಂದು ಟಿ.ವಿ.ಯಲ್ಲೂ ಡಿಕೋಡರ್ ಅಡಕವಾಗಿರಬೇಕಾಯಿತು. ಪ್ರತ್ಯೇಕ ಪೆಟ್ಟಿಗೆಯಾಗಿ ನೂರಾರು ಡಾಲರ್ ಬಾಳುತ್ತಿದ್ದ ಸಾಧನ ಲಕ್ಷಾಂತರ ಸೆಟ್ಟುಗಳೊಳಗೆ ಒಂದು ಚಿಪ್ಪಾಗಿ ಸೇರಿದಾಗ ಕೆಲವೇ ಡಾಲರಿನ ವೆಚ್ಚವಾಯಿತು. ಸ್ವಾರಸ್ಯವೆಂದರೆ, ಪೆಟ್ಟಿಗೆಯ ಮಾರಾಟದ ಮೇಲೆ ಕಣ್ಣಿಟ್ಟು ಆರಂಭವಾಗಿದ್ದ ಸಂಸ್ಥೆಯೇ ಟಿ.ವಿ.ಯೊಳಗೆ ಕೂರಿಸಬಹುದಾದ ಆ ಚಿಪ್ಪನ್ನು ಐಟಿಟಿ ಕಂಪನಿಯ ಜೊತೆಗೂಡಿ ಅಭಿವೃದ್ಧಿಪಡಿಸಿತು. ತನ್ನ ಒಂದು ಆದಾಯದ ಮೂಲವನ್ನು ತಾನೇ ಮುಚ್ಚಿ, ಸೇವೆಯ ಮಾರುಕಟ್ಟೆಯನ್ನು ಹತ್ತಾರು ಪಟ್ಟು ಹಿಗ್ಗಿಸಿಕೊಂಡ ಈ ನಿರ್ಧಾರವನ್ನು ವಾಣಿಜ್ಯ ಕಾಲೇಜುಗಳಲ್ಲಿ ಪಾಠವಾಗಿ ಹೇಳಬಹುದು.

ಆದರೆ ಟಿ.ವಿ.ಯಲ್ಲಿ ಚಿಪ್ಪಿದ್ದ ಮಾತ್ರಕ್ಕೆ ವಾಹಿನಿಯು ಅಕ್ಷರ ಕಳುಹಿಸಬೇಕೆಂದಿಲ್ಲವಷ್ಟೆ. ಅದಕ್ಕೆ 1996ರ ದೂರಸಂಪರ್ಕ ಕಾಯಿದೆ ಬರಬೇಕಾಯಿತು. ಅದರಡಿ ರಚಿತವಾದ ನಿಯಮಗಳು 1998ರ ಜನವರಿ 1ರಿಂದ ಜಾರಿಗೆ ಬಂದವು. ಅವುಗಳ ಒಕ್ಕಣೆಯನ್ನು ಲೆಕ್ಕಪರಿಶೋಧಕನೊಬ್ಬ ಓದಿದರೆ ತಲೆದೂಗುತ್ತಾನೆ. ಹೊಸ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ಅಡಿಬರಹದ ಪಾಲು ಹಂತಹಂತವಾಗಿ ಏರಿ, 2006ರ ಜನವರಿ 1ರ ವೇಳೆಗೆ ವಿನಾಯಿತಿ ಇಲ್ಲದ ಎಲ್ಲವೂ ಅಡಿಬರಹ ಹೊಂದಿರಬೇಕು. ಸ್ಪ್ಯಾನಿಷ್ ಭಾಷೆಯ ಕಾರ್ಯಕ್ರಮಗಳಿಗೆ ಸಿದ್ಧತೆ ಕಡಿಮೆ ಎಂದು ಗುರುತಿಸಿ 2010ರವರೆಗೆ ಕಾಲಾವಕಾಶ. ಯಾವ ವಾಹಿನಿಯೂ ಹಿಂದಿನ ವರ್ಷದ ಒಟ್ಟು ವರಮಾನದ ಶೇ. 2ಕ್ಕಿಂತ ಹೆಚ್ಚನ್ನು ಇದಕ್ಕಾಗಿ ವ್ಯಯಿಸಬೇಕಿಲ್ಲ. ವರ್ಷಕ್ಕೆ 30 ಲಕ್ಷ ಡಾಲರಿಗಿಂತ ಕಡಿಮೆ ವರಮಾನದ ವಾಹಿನಿಗೆ ವೆಚ್ಚದ ಹೊಣೆಯೇ ಇಲ್ಲ. ಬಂದ ಅಡಿಬರಹವನ್ನು ಅಳಿಸದೆ ಮುಂದಕ್ಕೆ ಸಾಗಿಸಿದರೆ ಸಾಕು. ಪಾಲು, ದಿನಾಂಕ, ವೆಚ್ಚದ ಮಿತಿ, ವಿನಾಯಿತಿಯ ಗೆರೆ ಎಂಬ ನಾಲ್ಕು ಅಂಕಿಗಳು ಕೈಯಲ್ಲಿದ್ದರೆ ವಾಹಿನಿಯ ಹಣಕಾಸು ವ್ಯವಸ್ಥಾಪಕ ಮುಂಗಡಪತ್ರವನ್ನು ಬರೆಯಬಲ್ಲ. ಅಡಿಬರಹದ ಕಂಪನಿ ಮುಂದಿನ ಐದು ವರ್ಷದ ಮಾರಾಟವನ್ನು ಅಂದಾಜಿಸಬಲ್ಲದು. ಬ್ಯಾಂಕು ಆ ಅಂದಾಜನ್ನು ನಂಬಿ ಸಾಲ ಕೊಡಬಲ್ಲದು. ಗುಣಮಟ್ಟದ ಮಾತು ತಡವಾಗಿ, 2014ರಲ್ಲಿ ಬಂತು: ಅಡಿಬರಹ ನಿಖರವಾಗಿರಬೇಕು, ಮಾತಿಗೆ ಹೊಂದಿ ಬರಬೇಕು, ಕಾರ್ಯಕ್ರಮದ ಆದಿಯಿಂದ ಅಂತ್ಯದವರೆಗೆ ಪೂರ್ಣವಾಗಿರಬೇಕು, ಪರದೆಯ ಮುಖ್ಯ ಭಾಗವನ್ನು ಮುಚ್ಚಬಾರದು.

ಹಣ ಎಲ್ಲಿ ನಿಲ್ಲುತ್ತದೆ

ಹೀಗೆ ಹುಟ್ಟಿದ ಮಾರುಕಟ್ಟೆಯಲ್ಲಿ ಹಣ ಒಂದೇ ಕಡೆ ನಿಂತಿಲ್ಲ. ಮೊದಲು ಅದು ಪೆಟ್ಟಿಗೆಯಲ್ಲಿತ್ತು. ಅನಂತರ ಸ್ಟೆನೋ ಯಂತ್ರದ ಮೇಲೆ ನಿಮಿಷಕ್ಕೆ 200ಕ್ಕೂ ಹೆಚ್ಚು ಪದಗಳನ್ನು ಒತ್ತಬಲ್ಲ ಕುಶಲಕರ್ಮಿಗಳ ಕೈಗೆ ಹೋಯಿತು. ಇವರಲ್ಲಿ ಹಲವರು ನ್ಯಾಯಾಲಯಗಳ ವರದಿಗಾರಿಕೆಯಿಂದ ಬಂದವರು. ಜೊತೆಜೊತೆಗೇ ವಾಹಿನಿಯ ಪ್ರಸಾರ ಕೋಣೆಯಲ್ಲಿ ಕುಳಿತು ಅಕ್ಷರಗಳನ್ನು ಸಂಕೇತದೊಳಗೆ ಸೇರಿಸುವ ಎನ್‌ಕೋಡರ್ ಉಪಕರಣಕ್ಕೂ ಬೆಲೆ ಬಂತು. 2021ರಲ್ಲಿ ಎರಡು ಖರೀದಿಗಳು ನಡೆದವು. ಎನ್‌ಕೋಡರ್ ತಯಾರಿಕೆಯಲ್ಲಿ ಹೆಸರಾಗಿದ್ದ ನ್ಯೂಯಾರ್ಕ್ ಪ್ರಾಂತದ ಇಇಜಿ ಎಂಟರ್‌ಪ್ರೈಸಸ್ ಕಂಪನಿಯನ್ನು, ಆಸ್ಟ್ರೇಲಿಯದ ಷೇರುಪೇಟೆಯಲ್ಲಿ ಹಿಂದಿನ ವರ್ಷವಷ್ಟೇ ನೋಂದಾಯಿತವಾಗಿದ್ದ ಎಐ-ಮೀಡಿಯಾ ಕೊಂಡುಕೊಂಡಿತು. ಅಮೆರಿಕದ ಹಳೆಯ ಅಡಿಬರಹ ಸೇವಾ ಕಂಪನಿ ವೈಟ್ಯಾಕ್, ಇಸ್ರೇಲ್ ಮೂಲದ ವರ್ಬಿಟ್ ಎಂಬ ಧ್ವನಿ ಗ್ರಹಿಕೆಯ ಕಂಪನಿಯ ಪಾಲಾಯಿತು. ಯಂತ್ರವೇ ಮಾತನ್ನು ಅಕ್ಷರ ಮಾಡುವ ಕಾಲದಲ್ಲಿ ಹಳೆಯ ಎನ್‌ಕೋಡರ್ ಕಂಪನಿಯನ್ನು ಏಕೆ ಕೊಳ್ಳಬೇಕು? ಉತ್ತರ ಸರಳ. ವಾಹಿನಿಯ ಪ್ರಸಾರ ಕೋಣೆಯೊಳಗೆ ಒಮ್ಮೆ ಕುಳಿತ ಉಪಕರಣವನ್ನು ಯಾರೂ ಸುಲಭವಾಗಿ ಬದಲಿಸರು. ಅದರ ಮೂಲಕ ಹರಿಯುವ ಸೇವೆಗೆ ಗಂಟೆಯ ಲೆಕ್ಕದಲ್ಲೋ ತಿಂಗಳ ಚಂದಾ ರೂಪದಲ್ಲೋ ಹಣ ಬರುತ್ತಿರುತ್ತದೆ. ಒಂದು ಸಾರಿ ಮಾರಿ ಮರೆಯುವ ಸರಕಿಗಿಂತ ಪ್ರತಿ ತಿಂಗಳೂ ಬರುವ ಚಂದಾ ಮೇಲೆಂಬುದು ಹಾಲಿನ ವರ್ತನೆಯಲ್ಲಿ ಬದುಕುವವರಿಗೂ ಗೊತ್ತಿರುವ ಸತ್ಯ.

ಈ ಅವಲಂಬನೆಗೆ ಇನ್ನೊಂದು ಮುಖವೂ ಇದೆ. 2021ರ ಸೆಪ್ಟೆಂಬರ್ 25ರಂದು ಲಂಡನ್ನಿನ ಪಶ್ಚಿಮ ಭಾಗದಲ್ಲಿ ರೆಡ್ ಬೀ ಮೀಡಿಯಾ ನಡೆಸುತ್ತಿದ್ದ ಪ್ರಸಾರ ಕೇಂದ್ರದಲ್ಲಿ ಬೆಂಕಿ ನಂದಿಸುವ ವ್ಯವಸ್ಥೆ ಚಾಲನೆಗೊಂಡು ಉಪಕರಣಗಳು ಕೆಟ್ಟವು. ಚಾನೆಲ್ 4 ವಾಹಿನಿಯ ಚಿತ್ರ ಮತ್ತು ಧ್ವನಿ ಬೇಗ ಚೇತರಿಸಿಕೊಂಡರೂ ಅಡಿಬರಹ ವಾರಗಟ್ಟಲೆ ಮರಳಲಿಲ್ಲ. ವರ್ಷದ ಕೊನೆಗೆ ಫ್ರೀಸ್ಯಾಟ್ ವೇದಿಕೆಯಲ್ಲಿ ಶೇ. 90ರ ಕಡ್ಡಾಯ ಪ್ರಮಾಣವನ್ನು ಮುಟ್ಟಲಾಗದೆ, 2022ರಲ್ಲಿ ಬ್ರಿಟನ್ನಿನ ನಿಯಂತ್ರಕ ಆಫ್‌ಕಾಮ್ ಆ ವಾಹಿನಿ ಪರವಾನಗಿಯ ಷರತ್ತನ್ನು ಉಲ್ಲಂಘಿಸಿದೆಯೆಂದು ತೀರ್ಮಾನಿಸಿತು. ಹೊರಗಿನ ಗುತ್ತಿಗೆದಾರನಲ್ಲಿ ನಡೆದ ಅವಘಡವೆಂಬ ಕಾರಣಕ್ಕೆ ಪರವಾನಗಿದಾರನ ಹೊಣೆ ಕಳೆಯಲಿಲ್ಲ. ಅಡಿಬರಹವನ್ನು ಬದಲಿ ವ್ಯವಸ್ಥೆಯ ಪಟ್ಟಿಯಲ್ಲಿ ಕೊನೆಗೆ ಬರೆಯುವ ವಾಹಿನಿಗಳಿಗೆ ಇದು ದುಬಾರಿ ಪಾಠ.

ಇಲ್ಲಿನ ಕಾಯಿದೆಯಲ್ಲಿ ಇಲ್ಲದ ಅಂಕಿಗಳು

ಭಾರತದಲ್ಲಿ ಕಾಯಿದೆಯ ಕೊರತೆಯಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 29ನೆಯ ಕಲಮು ಸಂಜ್ಞಾ ಭಾಷೆಯ ವಿವರಣೆ ಅಥವಾ ಉಪಶೀರ್ಷಿಕೆಯುಳ್ಳ ದೂರದರ್ಶನ ಕಾರ್ಯಕ್ರಮಗಳ ಮಾತನ್ನೆತ್ತುತ್ತದೆ. 42ನೆಯ ಕಲಮು ಕ್ಲೋಸ್ಡ್ ಕ್ಯಾಪ್ಷನ್ನನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ಒಕ್ಕಣೆಯನ್ನು ನೋಡಬೇಕು. 42ನೆಯ ಕಲಮಿನ ಪ್ರಕಾರ ಸರ್ಕಾರವು ಕ್ರಮಗಳನ್ನು ಕೈಗೊಳ್ಳಬೇಕು. ವಾಹಿನಿಯು ಎಷ್ಟು ಗಂಟೆ, ಯಾವ ದಿನಾಂಕದಿಂದ, ಎಷ್ಟು ವೆಚ್ಚದವರೆಗೆ ಎಂಬ ಮಾತು ಕಾಯಿದೆಯಲ್ಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಶ್ರವಣದೋಷವುಳ್ಳವರಿಗಾಗಿ ದೂರದರ್ಶನ ಕಾರ್ಯಕ್ರಮಗಳ ಸುಗಮ್ಯತಾ ಮಾನದಂಡಗಳನ್ನು ಹೊರಡಿಸಿತು. ಸುದ್ದಿ ವಾಹಿನಿಗಳು ದಿನಕ್ಕೊಂದು ವಾರ್ತಾ ಪ್ರಸಾರ, ಉಳಿದ ವಾಹಿನಿಗಳು ವಾರಕ್ಕೊಂದು ಕಾರ್ಯಕ್ರಮ ಎಂಬ ಮೊದಲ ಮೆಟ್ಟಿಲನ್ನು ಅದು ಹಾಕಿತು. ನೇರ ಸುದ್ದಿ, ನೇರ ಕ್ರೀಡೆ, ಚರ್ಚೆ, ರಿಯಾಲಿಟಿ ಕಾರ್ಯಕ್ರಮ, ಜಾಹೀರಾತುಗಳನ್ನು ವಿನಾಯಿತಿಯ ಪಟ್ಟಿಗೆ ಸೇರಿಸಿತು. ಜನ ಹೆಚ್ಚು ನೋಡುವ ಪ್ರಸಾರದ ಬಹುಭಾಗ ಹೀಗೆ ಹೊರಗುಳಿಯಿತು. ವಾರಕ್ಕೊಂದು ಕಾರ್ಯಕ್ರಮದ ಬೇಡಿಕೆಯ ಮೇಲೆ ಯಾವ ಕಂಪನಿಯೂ ಕಾರ್ಖಾನೆ ಕಟ್ಟಲಾರದು, ಸಿಬ್ಬಂದಿಯನ್ನು ಸಾಕಲಾರದು.

ದಂಡದ ಲೆಕ್ಕ ಇನ್ನೂ ವಿಚಿತ್ರ. ಕಾಯಿದೆಯ 89ನೆಯ ಕಲಮು ಮೊದಲ ಉಲ್ಲಂಘನೆಗೆ ಹತ್ತು ಸಾವಿರ ರೂಪಾಯಿವರೆಗೆ, ಮರುಕಳಿಸಿದ ಉಲ್ಲಂಘನೆಗೆ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದಂತೆ ಐದು ಲಕ್ಷದವರೆಗೆ ದಂಡ ವಿಧಿಸಿತು. ಪ್ರತಿದಿನ ಗಂಟೆಗಟ್ಟಲೆ ಅಡಿಬರಹ ಸಿದ್ಧಪಡಿಸುವ ವಾರ್ಷಿಕ ವೆಚ್ಚದ ಪಕ್ಕದಲ್ಲಿ ಈ ಮೊತ್ತವನ್ನಿಟ್ಟು ನೋಡಿದ ಯಾವ ವ್ಯವಸ್ಥಾಪಕನಾದರೂ ಯಾವುದನ್ನು ಆರಿಸಿಕೊಳ್ಳುವನೆಂದು ವಿವರಿಸಬೇಕಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ್ಯತೆಯ ಮಾರ್ಗಸೂಚಿಗಳನ್ನು ಬರಿಯ ಶಿಫಾರಸುಗಳ ಮಟ್ಟದಲ್ಲಿರಿಸಿದ 2017ರ ನಿಯಮಗಳ 15ನೆಯ ನಿಯಮವು ಮೂಲ ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯ ನಿಯಮಗಳನ್ನು ಪ್ರತ್ಯೇಕವಾಗಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದಕ್ಕೆ ಮೊದಲೇ, 2023ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ 'ಪಠಾನ್' ಚಿತ್ರದ ಅಂತರಜಾಲ ಬಿಡುಗಡೆಗೆ ಅಡಿಬರಹ ಸಿದ್ಧಪಡಿಸಲು ನಿರ್ಮಾಪಕರಿಗೆ ಹೇಳಿತ್ತು. 2024ರ ಮಾರ್ಚಿನಲ್ಲಿ ಚಿತ್ರಮಂದಿರಗಳಿಗೆ ಮಾರ್ಗಸೂಚಿಗಳು ಬಂದವು. ಗಾಳಿ ಬೀಸುವ ದಿಕ್ಕು ತಿಳಿಯುತ್ತಿದೆ. ಆದರೂ ಅಂಕಿಗಳು ಬೇಕು.

ಏಕೆಂದರೆ ಅಂಕಿಗಳಿಲ್ಲದ ಕಾಯಿದೆಯನ್ನು ನಂಬಿ ತಂತ್ರಜ್ಞಾನ ಕಟ್ಟುವ ಕಂಪನಿಯ ಲೆಕ್ಕಪತ್ರ ಯಾವ ಗತಿ ಕಾಣುತ್ತದೆಂಬುದನ್ನು ಉದ್ಯಮಿಗಳು ತಿಳಿದಿರಬೇಕು. ಕನ್ನಡ ಮಾತನ್ನು ಅಕ್ಷರವಾಗಿಸುವ ತಂತ್ರಾಂಶವೊಂದನ್ನು ಬೆಂಗಳೂರಿನ ಸಣ್ಣ ಕಂಪನಿ ಮೂರು ವರ್ಷ ಅಭಿವೃದ್ಧಿಪಡಿಸುತ್ತದೆ ಎಂದಿಟ್ಟುಕೊಳ್ಳೋಣ. ಲೆಕ್ಕ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ಖರ್ಚನ್ನು ಆಯಾ ವರ್ಷದ ಲಾಭನಷ್ಟಕ್ಕೆ ಹಾಕಲೇಬೇಕು. ಅಭಿವೃದ್ಧಿ ಹಂತದ ಖರ್ಚನ್ನು ಅಮೂರ್ತ ಆಸ್ತಿಯಾಗಿ ತೋರಿಸಬಹುದು. ಆದರೆ ಹಲವು ಷರತ್ತುಗಳು ಈಡೇರಬೇಕು, ಅವುಗಳಲ್ಲಿ ಒಂದು ಮುಂದೆ ಆರ್ಥಿಕ ಪ್ರಯೋಜನ ಬರುವ ಸಂಭವವನ್ನೂ ಉತ್ಪನ್ನಕ್ಕೆ ಮಾರುಕಟ್ಟೆ ಇದೆಯೆಂಬುದನ್ನೂ ತೋರಿಸಿಕೊಡುವುದು. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 38 ಹೇಳುವುದೂ ಇದನ್ನೇ. ಮಾರುಕಟ್ಟೆ ಎಲ್ಲಿದೆ ಎಂದು ಲೆಕ್ಕಪರಿಶೋಧಕ ಕೇಳಿದರೆ ಕಂಪನಿ 42ನೆಯ ಕಲಮನ್ನು ತೋರಿಸೀತು. ಆತ ಖರೀದಿಯ ಆದೇಶಗಳನ್ನು ಕೇಳುತ್ತಾನೆ, ಅವು ಇಲ್ಲ. ಖರ್ಚೆಲ್ಲ ನಷ್ಟವಾಗಿ ನಿಲ್ಲುತ್ತದೆ, ಷೇರುದಾರರ ನಿಧಿ ಕರಗುತ್ತದೆ, ಬ್ಯಾಂಕು ಹಿಂಜರಿಯುತ್ತದೆ. ಇಂಥ ಕಂಪನಿ ಮುಚ್ಚಿಹೋದಾಗ ಎಂಜಿನಿಯರುಗಳ ಅಸಾಮರ್ಥ್ಯವನ್ನು ದೂರುವುದು ವಾಡಿಕೆ. ದೋಷ ಇರುವುದು ಬೇರೆಡೆ.

ಕನ್ನಡಕ್ಕೆ ಬಂದಾಗ

ಇನ್ನು ಕನ್ನಡದ ತೊಡಕುಗಳು. ಅಮೆರಿಕದ 21ನೆಯ ಗೆರೆಯ ಪದ್ಧತಿ ಪ್ರತಿ ಚಿತ್ರಚೌಕಟ್ಟಿಗೆ ಎರಡು ಅಕ್ಷರದಂತೆ ಸೆಕೆಂಡಿಗೆ ಸುಮಾರು 60 ರೋಮನ್ ಅಕ್ಷರಗಳನ್ನಷ್ಟೇ ಸಾಗಿಸಬಲ್ಲದು. ಪರದೆಯಲ್ಲಿ 15 ಸಾಲು, ಸಾಲಿಗೆ 32 ಅಕ್ಷರ. ಒತ್ತಕ್ಷರಗಳ ಕನ್ನಡಕ್ಕೆ ಅದರಲ್ಲಿ ಜಾಗವೇ ಇಲ್ಲ. ಅದೃಷ್ಟವಶಾತ್ ಭಾರತ ಅನುಸರಿಸುವ ಡಿವಿಬಿ ಪದ್ಧತಿಯಲ್ಲಿ ಅಡಿಬರಹವನ್ನು ಚಿತ್ರದ ರೂಪದಲ್ಲಿ ಕಳುಹಿಸಲು ಅವಕಾಶವಿದೆ. ಅಕ್ಷರವೇ ಚಿತ್ರವಾಗಿ ಬರುವುದರಿಂದ ಮನೆಯಲ್ಲಿರುವ ಸೆಟ್‌ಟಾಪ್ ಬಾಕ್ಸಿಗೆ ಕನ್ನಡದ ಫಾಂಟ್ ಬೇಕಿಲ್ಲ. ಈ ಪದ್ಧತಿಯ ಅಡಿಬರಹವನ್ನು ಓದಬಲ್ಲ ಬಾಕ್ಸ್ ಯಾವ ಲಿಪಿಯನ್ನಾದರೂ ತೋರಿಸುತ್ತದೆ. 2012ರಿಂದ 2017ರವರೆಗೆ ನಾಲ್ಕು ಹಂತಗಳಲ್ಲಿ ನಡೆದ ಕೇಬಲ್ ಡಿಜಿಟಲೀಕರಣವು ಆ ಬಾಕ್ಸನ್ನು ಕೇಬಲ್ ಮನೆಗಳಿಗೆ ತಲುಪಿಸಿಯೂ ಆಗಿದೆ. ಅಮೆರಿಕದ ಸಂಸ್ಥೆ ಹತ್ತು ವರ್ಷ ಹೆಣಗಿದ ಪೆಟ್ಟಿಗೆಯ ಸಮಸ್ಯೆ ಇಲ್ಲಿ ಬೇರೆ ಕಾರಣಕ್ಕಾಗಿ ಬಹುಪಾಲು ಬಗೆಹರಿದಿದೆ. ಉಳಿದಿರುವುದು, ವಾಹಿನಿ ಕಳುಹಿಸಿದ ಅಡಿಬರಹವನ್ನು ನಡುವಿನ ಕೇಬಲ್ ಜಾಲದವರು ಜಾಗ ಉಳಿಸಲೆಂದು ಕತ್ತರಿಸಿಹಾಕದಂತೆ ನೋಡಿಕೊಳ್ಳುವುದು.

ಬರೆಯುವ ಕೆಲಸ ಇದಕ್ಕಿಂತ ಕಷ್ಟದ್ದು. ಇಂಗ್ಲಿಷಿನ ಸ್ಟೆನೋ ಯಂತ್ರದ ಕೌಶಲಕ್ಕೆ ಸಮನಾದ ದೊಡ್ಡ ಪಡೆ ಕನ್ನಡದಲ್ಲಿಲ್ಲ. ಕನ್ನಡ ಶೀಘ್ರಲಿಪಿ ಪರೀಕ್ಷೆಗಳು ಸರ್ಕಾರದ ವತಿಯಿಂದ ನಡೆಯುತ್ತ ಬಂದಿದ್ದರೂ ಅವು ಕಚೇರಿಯ ಉಕ್ತಲೇಖನಕ್ಕೆ ತಕ್ಕವು. ಬಿಬಿಸಿ 2001ರಿಂದ ಬಳಸತೊಡಗಿದ ಮರುಉಚ್ಚಾರಣೆಯ ಪದ್ಧತಿ ಇಲ್ಲಿಗೆ ಹೆಚ್ಚು ಹೊಂದುತ್ತದೆ. ತರಬೇತಾದ ಒಬ್ಬ ವ್ಯಕ್ತಿ ಪ್ರಸಾರವನ್ನು ಕಿವಿಯಲ್ಲಿ ಕೇಳುತ್ತ, ಅದೇ ಮಾತನ್ನು ಸ್ಪಷ್ಟವಾಗಿ, ವಿರಾಮಚಿಹ್ನೆಗಳ ಸಹಿತ ಯಂತ್ರಕ್ಕೆ ಹೇಳುತ್ತಾನೆ. ಆತನ ಒಬ್ಬನ ಧ್ವನಿಗೆ ಒಗ್ಗಿದ ಯಂತ್ರ ಅಕ್ಷರ ಮಾಡುತ್ತದೆ. ಧಾರವಾಡದ ಮಾತು, ಮಂಗಳೂರಿನ ಮಾತು, ಚಾಮರಾಜನಗರದ ಮಾತುಗಳನ್ನೆಲ್ಲ ಯಂತ್ರ ಗ್ರಹಿಸಲು ಕಲಿಯುವತನಕ ಈ ಮಧ್ಯವರ್ತಿ ಬೇಕೇ ಬೇಕು. 2022ರಲ್ಲಿ ಆರಂಭವಾದ ಕೇಂದ್ರದ ಭಾಷಿಣಿ ಯೋಜನೆ, ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಕೈಗೊಂಡ ವಾಣಿ ಯೋಜನೆ ಮುಂತಾದವು ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತಿರುವುದರಿಂದ ಕಚ್ಚಾ ಸಾಮಗ್ರಿಗೆ ಮುಂದೆ ಬರವಿರದು. ಯಂತ್ರ ತಪ್ಪಿದ ಕಡೆ ತಿದ್ದಲು ಕನ್ನಡ ಎಂ.ಎ. ಮಾಡಿ ಕೆಲಸಕ್ಕಾಗಿ ಕಾಯುತ್ತಿರುವ ಯುವಜನರಿಗೆ ಬರವಿಲ್ಲ. ಈ ಕೆಲಸಕ್ಕೆ ಬೆಂಗಳೂರಿಗೇ ಬರಬೇಕೆಂದೂ ಇಲ್ಲ, ಶಿವಮೊಗ್ಗ ಕಲಬುರಗಿಗಳಲ್ಲಿ ಕುಳಿತು ಮಾಡಬಹುದು.

ವಾಹಿನಿಗಳ ಆಕ್ಷೇಪ ಎರಡು. ಒಂದು, ಪರದೆಯ ಮೇಲೆ ಜಾಗವಿಲ್ಲ ಎಂಬುದು. ಕೆಳಗೆ ಎರಡು ಸಾಲು ಓಡುವ ಸುದ್ದಿ, ಪಕ್ಕದಲ್ಲಿ ಚಿನ್ನದ ದರ, ಮೇಲೆ ಹವಾಮಾನ, ನಡುವೆ ಉರಿಯುವ ಅಕ್ಷರಗಳ ತಲೆಬರಹ ಹಾಕುವ ಸುದ್ದಿ ವಾಹಿನಿಗಳು ಈ ವಾದ ಹೂಡುವುದು ನಗೆ ತರಿಸುತ್ತದೆ. ಅಲ್ಲದೆ ಬೇಡದವರು ಆರಿಸಿಡಬಹುದಾದದ್ದೇ ಕ್ಲೋಸ್ಡ್ ಕ್ಯಾಪ್ಷನ್. ಎರಡನೆಯದು ವೆಚ್ಚ. ಈ ಆಕ್ಷೇಪವನ್ನು ತಳ್ಳಿಹಾಕಬಾರದು, ವಿಂಗಡಿಸಬೇಕು. ನೇರ ಸುದ್ದಿಯ ಅಡಿಬರಹ ಅಂದಿಗೇ ಮುಗಿದುಹೋಗುವ ಖರ್ಚು. ಧಾರಾವಾಹಿಯ ಅಡಿಬರಹ ಹಾಗಲ್ಲ. ಮರುಪ್ರಸಾರಕ್ಕೂ, ಅಂತರಜಾಲದ ವೇದಿಕೆಗೂ, ಡಬ್ಬಿಂಗ್ ಹಕ್ಕು ಮಾರುವಾಗ ಭಾಷಾಂತರಕ್ಕೆ ಮೂಲಪ್ರತಿಯಾಗಿಯೂ ಅದು ಬಳಕೆಯಾಗುತ್ತದೆ. ಕಾರ್ಯಕ್ರಮದ ನಿರ್ಮಾಣ ವೆಚ್ಚದೊಳಗೆ ಸೇರಿ, ಹಕ್ಕಿನ ಅವಧಿಯಲ್ಲಿ ಹಂಚಿಹೋಗುವ ವೆಚ್ಚ ಅದು. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ರೂಪಿಸಿ, ಮುಂದೆ ಪ್ಲಾನೆಟ್‌ರೀಡ್ ಸಂಸ್ಥೆಯ ಮೂಲಕ ಬೆಳೆಸಿದ, ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಲುಗಳನ್ನು ಕೊಡುವ ಯೋಜನೆಯನ್ನೂ ಇಲ್ಲಿ ನೆನೆಯಬೇಕು. ಓದು ತಡವರಿಸುವ ನವಸಾಕ್ಷರರಿಗೆ ಹಾಡೇ ಪಾಠವಾಗಬಲ್ಲದೆಂಬ ವಿಚಾರ ದೂರದರ್ಶನದ ವಾಹಿನಿಗಳಲ್ಲಿ ಪರೀಕ್ಷೆಗೊಳಗಾಗಿದೆ. ಕಿವುಡರಿಗೆಂದು ಮಾಡಿದ ಖರ್ಚು ಕಿವುಡರಿಗಷ್ಟೇ ಸಲ್ಲುವುದಿಲ್ಲ.

ಆದುದರಿಂದ ಕಡ್ಡಾಯ ನಿಯಮಗಳ ಕರಡು ಹೊರಬಿದ್ದಾಗಲೆಲ್ಲ ವಿನಾಯಿತಿಯ ಅವಧಿ ವಿಸ್ತರಿಸಿರೆಂದು ಮನವಿ ಬರೆಯುವ ವಾಡಿಕೆಯನ್ನು ಉದ್ಯಮ ವಲಯ ಈ ವಿಷಯದಲ್ಲಿ ಕೈಬಿಡುವುದು ಲೇಸು. ಬೇಡಬೇಕಾದದ್ದು ಅಂಕಿಗಳನ್ನು. ವರಮಾನದ ಶೇ. 2 ಎಂಬ ಮಿತಿ ಇಲ್ಲಿಯೂ ಬಂದರೆ, ವರ್ಷಕ್ಕೆ 50 ಕೋಟಿ ರೂಪಾಯಿ ಗಳಿಸುವ ವಾಹಿನಿಯ ಹೊರೆ ಗರಿಷ್ಠ ಒಂದು ಕೋಟಿ ಎಂದು ಮೊದಲೇ ಗೊತ್ತಿರುತ್ತದೆ. ಸ್ಥಳೀಯ ಕೇಬಲ್ ವಾಹಿನಿ ಮಿತಿಗಿಂತ ಕೆಳಗೆ ಉಳಿದು ನಿಶ್ಚಿಂತವಾಗಿರುತ್ತದೆ. ಹಿಂದಿಗೆ ಒಂದು ವೇಳಾಪಟ್ಟಿ, ತಂತ್ರಾಂಶ ಇನ್ನೂ ಪಕ್ವವಾಗದ ಭಾಷೆಗಳಿಗೆ ಸ್ಪ್ಯಾನಿಷಿಗೆ ಸಿಕ್ಕಂತೆ ನಾಲ್ಕು ವರ್ಷದ ಹೆಚ್ಚಿನ ಅವಕಾಶ ಕೇಳಿದರೆ ತಪ್ಪಲ್ಲ. ಮೊದಲ ವರ್ಷಗಳಲ್ಲಿ ಧಾರಾವಾಹಿ ಮತ್ತು ಚಲನಚಿತ್ರ, ಅನಂತರ ಮುಖ್ಯ ವಾರ್ತೆ, ಕೊನೆಗೆ ಚರ್ಚೆ ಎಂಬ ಕ್ರಮವೂ ನ್ಯಾಯವೇ. ಚರ್ಚೆಯಲ್ಲಿ ನಾಲ್ವರು ಒಟ್ಟಿಗೆ ಕೂಗುವಾಗ ಕಿವಿ ಇರುವವರಿಗೇ ಏನೂ ತಿಳಿಯುವುದಿಲ್ಲ. ಪ್ರವಾಹ, ಸಾಂಕ್ರಾಮಿಕಗಳ ಕಾಲದ ಸರ್ಕಾರಿ ಪ್ರಕಟಣೆಗೆ ಮಾತ್ರ ಯಾವ ವಿನಾಯಿತಿಯೂ ಸಲ್ಲದು.

ಕಾಯಿದೆಗಾಗಿ ಕಾಯದೆ ಮಾಡಬಹುದಾದದ್ದೂ ಇದೆ. ಬೆಂಗಳೂರಿನ ನಿರ್ಮಾಪಕರು ವಾಹಿನಿಗಳೊಡನೆ ಮಾಡಿಕೊಳ್ಳುವ ಒಪ್ಪಂದದ ಕೊನೆಯಲ್ಲಿ, ಸಂಚಿಕೆಯ ಜೊತೆ ಏನೇನು ಒಪ್ಪಿಸಬೇಕೆಂಬ ಪಟ್ಟಿ ಇರುತ್ತದೆ: ಚಿತ್ರದ ಕಡತ, ಸಂಗೀತದ ಹಾಗೂ ಧ್ವನಿಯ ಪ್ರತ್ಯೇಕ ಕಡತಗಳು, ಪ್ರಚಾರದ ತುಣುಕು. ಆ ಪಟ್ಟಿಗೆ ಕನ್ನಡ ಅಡಿಬರಹದ ಕಡತವೆಂಬ ಇನ್ನೊಂದು ಸಾಲನ್ನು, ಅದಕ್ಕೆ ಪ್ರತ್ಯೇಕ ದರವನ್ನೂ ಸೇರಿಸುವುದಾದರೆ ಸಂಭಾಷಣೆಯ ಪ್ರತಿ ನಿರ್ಮಾಪಕನ ಕೈಯಲ್ಲಿ ಹೇಗೂ ಇರುತ್ತದೆ. ಚಿತ್ರೀಕರಣದ ವೇಳೆ ಬದಲಾದ ಮಾತುಗಳನ್ನು ತಿದ್ದಿ, ಸಮಯಕ್ಕೆ ಹೊಂದಿಸುವ ಕೆಲಸವಷ್ಟೇ ಉಳಿಯುತ್ತದೆ. ಅಂಥ ಹತ್ತು ಒಪ್ಪಂದಗಳ ಪ್ರತಿಗಳನ್ನು ಮುಂದಿಟ್ಟರೆ, ಮಾರುಕಟ್ಟೆ ಎಲ್ಲಿದೆ ಎಂದು ಕೇಳುವ ಲೆಕ್ಕಪರಿಶೋಧಕನಿಗೆ ತೋರಿಸಲು ಕಂಪನಿಯ ಬಳಿ ಮೊದಲ ಬಾರಿಗೆ ಒಂದು ದಾಖಲೆ ಇರುತ್ತದೆ.